ಕಾಮಾ ಆಸ್ಪತ್ರೆಯ ಶಿವಮೊಗ್ಗದ ಮಗಳು

1928ರಲ್ಲಿ ಮುಂಬೈಯ ಕಾಮಾ ಆಸ್ಪತ್ರೆಯ ಹೊಣೆ ಡಾ. ಜೆರುಶಾ ಝಿರಾಡ್ ಅವರ ಕೈಗೆ ಬಂತು. ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ಆ ದೊಡ್ಡ ಆಸ್ಪತ್ರೆಯನ್ನು ಅವರು ಹತ್ತೊಂಬತ್ತು ವರ್ಷ, ದೇಶಕ್ಕೆ ಸ್ವಾತಂತ್ರ್ಯ ಬಂದ 1947ರವರೆಗೆ ನಡೆಸಿದರು. 1945ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಎಂ.ಬಿ.ಇ. ಗೌರವ ಕೊಟ್ಟಿತು. 1966ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟಿತು. ಇಷ್ಟು ಸಾಧಿಸಿದ ಈ ವೈದ್ಯೆ ಹುಟ್ಟಿದ್ದು 1890ರ ಆಸುಪಾಸಿನಲ್ಲಿ, ಆಗಿನ ಮೈಸೂರು ಸಂಸ್ಥಾನದ ಶಿವಮೊಗ್ಗದಲ್ಲಿ. ಧರ್ಮದಿಂದ ಅವರು ಯೆಹೂದಿ.

ಇಂಥವರ ಕಥೆ ಹೇಳುವಾಗ ಸಾಮಾನ್ಯವಾಗಿ ‘ಮೊದಲ ಮಹಿಳೆ’ ಎಂಬ ಹಣೆಪಟ್ಟಿ ಅಂಟಿಸಿ ಮುಂದೆ ಹೋಗುತ್ತೇವೆ. ಮೊದಲಿಗರಾಗಿದ್ದು ದೊಡ್ಡ ಸಂಗತಿಯೇ, ಅನುಮಾನವಿಲ್ಲ. ಆದರೆ ಮುಂಬೈಯ ಯೆಹೂದಿ ಹೆಂಗಸರ ಚರಿತ್ರೆಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿದೆ. ಗಂಡಸರದೇ ಎಂದುಕೊಂಡಿದ್ದ ಜಾಗಕ್ಕೆ ಕಾಲಿಟ್ಟವರು ಅಲ್ಲಿ ನಡೆಯುತ್ತಿದ್ದ ಕೆಲಸದ ಬಗೆಯನ್ನೇ ಬದಲಿಸಿದರು. ವ್ಯಾಪಾರದ ಗದ್ದಿಗೆ, ಸಿನಿಮಾ ಸ್ಟುಡಿಯೋ, ಹೆರಿಗೆ ವಾರ್ಡು, ಪ್ರಾರ್ಥನಾ ಮಂದಿರ, ಈ ನಾಲ್ಕೂ ಕಡೆ ಅದಕ್ಕೆ ಸಾಕ್ಷಿಗಳಿವೆ.

ಝಿರಾಡ್ ಅವರ ಸಮುದಾಯದ ಹೆಸರು ಬೆನೆ ಇಸ್ರೇಲ್. ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ ಶತಮಾನಗಳ ಕಾಲ ಗಾಣ ಆಡಿಸಿ ಎಣ್ಣೆ ತೆಗೆದವರು ಇವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಅಕ್ಕಪಕ್ಕದವರು ಇವರನ್ನು ‘ಶನಿವಾರ ತೇಲಿ’ ಎಂದು ಕರೆಯುತ್ತಿದ್ದರು. ಮನೆಮಾತು ಮರಾಠಿ, ಅಡ್ಡಹೆಸರು ಊರಿನದು. ಝಿರಾಡ್ ಕೂಡ ಅಲಿಬಾಗ್ ಬಳಿಯ ಒಂದು ಹಳ್ಳಿಯೇ. ಬಹುಕಾಲದ ಹಿಂದೆ ನವಗಾಂವ್ ಹತ್ತಿರ ಹಡಗು ಒಡೆದು ಬದುಕುಳಿದ ಏಳು ಗಂಡಸರು, ಏಳು ಹೆಂಗಸರ ಸಂತತಿ ತಾವು ಎಂದು ಇವರ ಪರಂಪರೆ ಹೇಳುತ್ತದೆ. ಇಂಗ್ಲಿಷರ ಕಾಲದಲ್ಲಿ ಗಾಣ ಬಿಟ್ಟು ಸೈನ್ಯ, ರೈಲ್ವೆ, ಸರ್ಕಾರಿ ಕಚೇರಿಗಳಿಗೆ ಸೇರಿ ಊರೂರಿಗೆ ಹರಡಿದರು.

ಕನ್ನಡ ನಾಡಿಗೂ ಈ ಸಮುದಾಯಕ್ಕೂ ಇನ್ನೂ ಹಳೆಯ ನಂಟೊಂದಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕರು. ಬದುಕಿ ಬಂದರೆ ಒಂದು ಸಿನಗಾಗ್, ಅಂದರೆ ಯೆಹೂದಿ ಪ್ರಾರ್ಥನಾ ಮಂದಿರ, ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತರಂತೆ. ಇವರು ಇಸ್ರೇಲಿನ ಮಕ್ಕಳು, ಕೊಲ್ಲಬೇಡ ಎಂದು ಟಿಪ್ಪುವಿನ ತಾಯಿಯೇ ಮಗನಿಗೆ ಹೇಳಿದರು ಎಂಬ ಐತಿಹ್ಯವೂ ಉಂಟು. ಐತಿಹ್ಯ ಏನೇ ಇರಲಿ, ದಿವೇಕರ್ ಬಿಡುಗಡೆಯಾಗಿ ಬಂದು 1796ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಬೆನೆ ಇಸ್ರೇಲರ ಮೊದಲ ಸಿನಗಾಗ್ ಕಟ್ಟಿಸಿದ್ದು ನಿಜ. ಯೆಹೂದಿ ಪದ್ಧತಿಯಂತೆ ಅಂಥ ಮಂದಿರಗಳಲ್ಲಿ ಕೆಳಗಿನ ಅಂಕಣ ಗಂಡಸರದು. ಹೆಂಗಸರು ಕೂರುವುದು ಮೇಲಿನ ಗ್ಯಾಲರಿಯಲ್ಲಿ. ಪ್ರಾರ್ಥನೆಗೆ ಬೇಕಾದ ಹತ್ತು ಜನರ ಲೆಕ್ಕದಲ್ಲೂ ಅವರು ಸೇರುತ್ತಿರಲಿಲ್ಲ.

ಮುಂಬೈಯಲ್ಲಿ ಇನ್ನೊಂದು ಯೆಹೂದಿ ಗುಂಪೂ ಇತ್ತು, ಬಾಗ್ದಾದಿನಿಂದ ಬಂದ ವರ್ತಕರದು. 1832ರಲ್ಲಿ ಮುಂಬೈಗೆ ಬಂದು ನೆಲೆಸಿದ ಡೇವಿಡ್ ಸಸೂನ್ ಹತ್ತಿ ಮತ್ತು ಅಫೀಮಿನ ವ್ಯಾಪಾರದಲ್ಲಿ ಅಪಾರ ಸಂಪತ್ತು ಗಳಿಸಿದರು. ಚೀನಾಕ್ಕೆ ಹೋದ ಆ ಅಫೀಮು ಎಷ್ಟು ಮನೆ ಹಾಳುಮಾಡಿತು ಎಂಬುದನ್ನು ಮರೆತು ಆ ಸಂಪತ್ತಿನ ಬಗ್ಗೆ ಮಾತಾಡುವುದು ಸರಿಯಲ್ಲ. ಅದೇ ಮನೆತನದ ಮೊಮ್ಮಗಳ ಮಗಳು ಫರ್ಹಾ, ಎಲ್ಲರೂ ಕರೆಯುತ್ತಿದ್ದದ್ದು ಫ್ಲೋರಾ ಎಂದು. 1859ರಲ್ಲಿ ಮುಂಬೈಯಲ್ಲಿ ಹುಟ್ಟಿದರು. ಹೀಬ್ರೂ, ಅರಾಮಿಕ್, ಅರಬ್ಬಿ, ಹಿಂದೂಸ್ತಾನಿ, ಇಂಗ್ಲಿಷ್, ಫ್ರೆಂಚ್ ಎಲ್ಲ ಕಲಿತರು. ಗಂಡುಮಕ್ಕಳು ಓದುವ ಧರ್ಮಗ್ರಂಥಗಳನ್ನು ಮನೆಯಲ್ಲೇ ಓದಿದರು. 1876ರಲ್ಲಿ ಡೇವಿಡ್ ಸಸೂನರ ಮಗ ಸಾಲೊಮನ್ ಜೊತೆ ಮದುವೆಯಾಯಿತು.

1894ರಲ್ಲಿ ಸಾಲೊಮನ್ ತೀರಿಕೊಂಡಾಗ ಫ್ಲೋರಾಗೆ ಮೂವತ್ತೈದು ವಯಸ್ಸು. ಸಸೂನ್ ಸಂಸ್ಥೆಯ ಮುಂಬೈ ವ್ಯವಹಾರದ ಸೂತ್ರವನ್ನು ಅವರೇ ಹಿಡಿದರು. ಮುಂಬೈಯಿಂದ ಶಾಂಘೈವರೆಗೆ ಹಬ್ಬಿದ್ದ ವ್ಯಾಪಾರ ಅದು. ಅಷ್ಟು ದೊಡ್ಡ ಸಂಸ್ಥೆಯನ್ನು ಒಬ್ಬ ವಿಧವೆ ನಡೆಸಿದ ಉದಾಹರಣೆ ಆ ಕಾಲದಲ್ಲಿ ಇಂಗ್ಲೆಂಡಿನಲ್ಲೂ ಅಪರೂಪ.

ಎರಡು ವರ್ಷಕ್ಕೆ ಮುಂಬೈಗೆ ಪ್ಲೇಗು ಬಂತು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ಧಾನ್ಯದ ಗೋದಾಮುಗಳ ಸುತ್ತ ಶುರುವಾದ ರೋಗ ಊರನ್ನೇ ಖಾಲಿ ಮಾಡಿಸಿತು. ಒಡೆಸ್ಸಾದಲ್ಲಿ ಹುಟ್ಟಿದ ಯೆಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಬೈಕುಲ್ಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನ ಸಣ್ಣ ಜಾಗದಲ್ಲಿ, ಒಬ್ಬ ಗುಮಾಸ್ತ, ಮೂವರು ಜವಾನರನ್ನು ಇಟ್ಟುಕೊಂಡು ಪ್ಲೇಗಿನ ಲಸಿಕೆ ಮಾಡಿದರು. 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಜನ ಹೆದರಿದ್ದರು. ಸೂಜಿಯಿಂದ ಧರ್ಮ ಕೆಡುತ್ತದೆ, ಗಂಡಸುತನ ಹೋಗುತ್ತದೆ, ಪ್ರಾಣವೇ ಹೋಗುತ್ತದೆ ಎಂಬ ಸುದ್ದಿಗಳು ಹಬ್ಬಿದ್ದವು. ಆಗ ಹಾಫ್ಕಿನ್ ಬೆನ್ನಿಗೆ ನಿಂತವರಲ್ಲಿ ಫ್ಲೋರಾ ಪ್ರಮುಖರು. ತಾವೇ ಚುಚ್ಚಿಸಿಕೊಂಡು ಉಳಿದವರಿಗೆ ಧೈರ್ಯ ಹೇಳಿದರು. ಮರುವರ್ಷ ಪ್ಲೇಗು ರೈಲು ಹತ್ತಿ ಬೆಂಗಳೂರಿಗೂ ಬಂತು. ಮಲ್ಲೇಶ್ವರ, ಬಸವನಗುಡಿಗಳಿಗೆ ಊರು ಬೆಳೆದದ್ದರಲ್ಲಿ ಆ ರೋಗದ ಪಾಲೂ ಇದೆ. ಅದೇ 1898ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಹಾಫ್ಕಿನ್ ಲಸಿಕೆ ಹಾಕಿಸಿಕೊಂಡರು. ಈ ಲಸಿಕೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ನಿಂತು ಗೆದ್ದ ಊರುಗಳಲ್ಲಿ ಹುಬ್ಬಳ್ಳಿಯ ಹೆಸರು ಮುಖ್ಯವಾದದ್ದು.

ವ್ಯಾಪಾರದಲ್ಲಿ ಮಾತ್ರ ಫ್ಲೋರಾಗೆ ಬಹುಕಾಲ ಉಳಿಯಲು ಆಗಲಿಲ್ಲ. 1901ರಲ್ಲಿ ಸಂಸ್ಥೆಯ ಸ್ವರೂಪ ಬದಲಾಗಿ ಅಧಿಕಾರ ಲಂಡನ್ನಿನ ಗಂಡುನೆಂಟರ ಕೈ ಸೇರಿತು. ಫ್ಲೋರಾ ಮಕ್ಕಳೊಂದಿಗೆ ಮುಂಬೈ ಬಿಟ್ಟರು. ಸಾಮರ್ಥ್ಯದಲ್ಲಿ ಕೊರತೆ ಇದ್ದು ಹೊರಗಾದವರಲ್ಲ ಅವರು. ಮನೆತನದ ಗಂಡಸರಿಗೆ ಅವರ ಕೈಕೆಳಗೆ ಇರುವುದು ಹಿಡಿಸಲಿಲ್ಲ ಎಂದೇ ಆ ಮನೆತನದ ಚರಿತ್ರೆ ಓದಿದವರಿಗೆ ಅನ್ನಿಸುತ್ತದೆ. ಲಂಡನ್ನಿನಲ್ಲಿ ಅವರು ವಿದ್ವತ್ತಿನ ಕಡೆ ತಿರುಗಿದರು. ರಬ್ಬಿಗಳನ್ನು, ಅಂದರೆ ಯೆಹೂದಿ ಧರ್ಮಗುರುಗಳನ್ನು, ತಯಾರು ಮಾಡುವ ಜ್ಯೂಸ್ ಕಾಲೇಜಿನ ವಾರ್ಷಿಕ ಸಮಾರಂಭದಲ್ಲಿ 1924ರಲ್ಲಿ ಅಧ್ಯಕ್ಷ ಪೀಠದಿಂದ ಮಾತಾಡಿದರು. ಅದುವರೆಗೆ ಆ ಪೀಠ ಹೆಂಗಸರನ್ನು ಕಂಡಿರಲಿಲ್ಲ. ಮಧ್ಯಯುಗದ ಮಹಾ ವ್ಯಾಖ್ಯಾನಕಾರ ರಾಶಿಯ ಬಗ್ಗೆ ಅವರು ಬರೆದ ಪ್ರಬಂಧ 1930ರಲ್ಲಿ ಪ್ರಕಟವಾಯಿತು. 1936ರಲ್ಲಿ ತೀರಿಕೊಂಡರು.

ಬಾಗ್ದಾದಿ ಯೆಹೂದಿ ಹೆಣ್ಣುಮಕ್ಕಳು ಮುಂಬೈಯ ಸಿನಿಮಾಕ್ಕೂ ಬಂದರು. 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯ ಪಾತ್ರ ಮಾಡಿದ್ದು ಸಾಳುಂಕೆ ಎಂಬ ಗಂಡಸು ಎಂಬುದು ಸಿನಿಮಾಪ್ರಿಯರಿಗೆ ಗೊತ್ತಿರುವ ಕಥೆ. ಹೆಣ್ಣಿನ ಪಾತ್ರವೂ ಗಂಡಸಿನದೇ ಆಗಿದ್ದ ಆ ರಂಗಕ್ಕೆ ಪುಣೆಯಲ್ಲಿ ಹುಟ್ಟಿದ ರೂಬಿ ಮೈಯರ್ಸ್, ಟೆಲಿಫೋನ್ ಆಪರೇಟರ್ ಕೆಲಸ ಬಿಟ್ಟು ಬಂದು ‘ಸುಲೋಚನಾ’ ಆದರು. ಮೂಕಿ ಚಿತ್ರಗಳ ಕಾಲದ ದೊಡ್ಡ ತಾರೆಯಾದರು, ಮುಂದೆ ತಮ್ಮದೇ ನಿರ್ಮಾಣ ಸಂಸ್ಥೆ ಕಟ್ಟಿದರು, 1973ರ ಫಾಲ್ಕೆ ಪ್ರಶಸ್ತಿ ಪಡೆದರು. ಕಲ್ಕತ್ತದ ಎಸ್ತರ್ ಅಬ್ರಹಾಂ ‘ಪ್ರಮೀಳಾ’ ಎಂಬ ಹೆಸರಿನಲ್ಲಿ ನಟಿಸಿ, 1947ರಲ್ಲಿ ಮಿಸ್ ಇಂಡಿಯಾ ಆಗಿ, ಚಿತ್ರ ನಿರ್ಮಾಪಕಿಯೂ ಆದರು. ಕ್ಯಾಮೆರಾದ ಮುಂದೆ ನಿಂತದ್ದಕ್ಕಿಂತ ದುಡ್ಡು ಹೂಡಿ ಚಿತ್ರ ತೆಗೆಯುವ ಜಾಗಕ್ಕೆ ಬಂದದ್ದೇ ಇವರಿಬ್ಬರ ದೊಡ್ಡ ಹೆಜ್ಜೆ.

ಇನ್ನು ಆಸ್ಪತ್ರೆಯ ಕಥೆ. ಅದಕ್ಕೆ ಕಾಮಾ ಆಸ್ಪತ್ರೆ ಏಕೆ ಹುಟ್ಟಿತು ಎಂಬಲ್ಲಿಂದಲೇ ಹೊರಡಬೇಕು.

ಹತ್ತೊಂಬತ್ತನೇ ಶತಮಾನದಲ್ಲಿ ಗಂಡು ಡಾಕ್ಟರಿಗೆ ಮೈ ತೋರಿಸುವುದಕ್ಕಿಂತ ಸಾಯುವುದೇ ಲೇಸು ಎಂದುಕೊಂಡಿದ್ದ ಹೆಂಗಸರು ಎಲ್ಲ ಜಾತಿ ಧರ್ಮಗಳಲ್ಲೂ ಇದ್ದರು. ಹೆಣ್ಣು ಡಾಕ್ಟರು ಇರಲಿಲ್ಲ. ಮುಂಬೈಯಲ್ಲಿ ವ್ಯಾಪಾರ ಮಾಡುತ್ತಿದ್ದ ಅಮೆರಿಕನ್ ಜಾರ್ಜ್ ಕಿಟ್ರೆಡ್ಜ್ ಮತ್ತು ಪಾರ್ಸಿ ಸುಧಾರಕ ಸೊರಾಬ್ಜಿ ಶಾಪುರ್ಜಿ ಬೆಂಗಾಲಿ ಇದಕ್ಕಾಗಿ ನಿಧಿ ಕೂಡಿಸಿದರು. ಪೆಸ್ತನ್‌ಜಿ ಹೊರ್ಮುಸ್‌ಜಿ ಕಾಮಾ ಒಂದು ಲಕ್ಷ ರೂಪಾಯಿಗೂ ಹೆಚ್ಚು ಕೊಟ್ಟರು. 1886ರಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು. ರೋಗಿಗಳೂ ಹೆಂಗಸರೇ, ವೈದ್ಯರೂ ಹೆಂಗಸರೇ.

ಅದರ ಮೊದಲ ಮುಖ್ಯಸ್ಥೆ ಇಂಗ್ಲೆಂಡಿನ ಎಡಿತ್ ಪೀಚಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಲು ಹಟ ಹಿಡಿದ ಏಳು ಹೆಂಗಸರಲ್ಲಿ ಒಬ್ಬರು. ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಮುಂದಿದ್ದರೂ ಅವರಿಗೆ ಸಲ್ಲಬೇಕಾದ ವಿದ್ಯಾರ್ಥಿವೇತನವನ್ನು ಅವರಿಗಿಂತ ಕೆಳಗಿದ್ದ ಗಂಡುಹುಡುಗರಿಗೆ ಕೊಡಲಾಗಿತ್ತು. 1870ರಲ್ಲಿ ಈ ಹೆಂಗಸರು ಪರೀಕ್ಷೆ ಬರೆಯಲು ಹೋದಾಗ ಗಂಡು ವಿದ್ಯಾರ್ಥಿಗಳು ಕೆಸರು ಎರಚಿ, ಬಾಗಿಲು ಅಡ್ಡಗಟ್ಟಿ ಗಲಭೆ ಮಾಡಿದ್ದರು. ಇಂಥ ಅನುಭವ ಹೊತ್ತು ಮುಂಬೈಗೆ ಬಂದ ಪೀಚಿ ಇಲ್ಲಿ ಹೆಣ್ಣು ವೈದ್ಯರಿಗೂ ಸಮಾನ ಸಂಬಳ ಬೇಕೆಂದು ವಾದಿಸಿದರು, ಬಾಲ್ಯವಿವಾಹದ ವಿರುದ್ಧ ದನಿಯೆತ್ತಿದರು. ಅವರ ನಂತರದ ಮುಖ್ಯಸ್ಥೆಯರಲ್ಲಿ ಆನೆಟ್ ಬೆನ್ಸನ್ ಒಬ್ಬರು. 1907ರಲ್ಲಿ ಭಾರತದ ವೈದ್ಯಮಹಿಳೆಯರ ಸಂಘ ಕಟ್ಟಿದವರು.

ಜೆರುಶಾ ಇನ್ನೂ ಹುಡುಗಿಯಾಗಿದ್ದಾಗ ಅವರ ಅಕ್ಕನಿಗೆ ಕಾಯಿಲೆ ವಿಷಮಿಸಿತ್ತು. ಗುಣವಾಗಿದ್ದು ಬೆನ್ಸನ್ ಅವರ ಆರೈಕೆಯಲ್ಲಿ, ಇದೇ ಕಾಮಾ ಆಸ್ಪತ್ರೆಯಲ್ಲಿ. ತಾನೂ ಡಾಕ್ಟರ್ ಆಗಬೇಕು, ಈ ಆಸ್ಪತ್ರೆಯನ್ನೇ ನಡೆಸಬೇಕು ಎಂದು ಆ ಹುಡುಗಿ ಆಗಲೇ ನಿಶ್ಚಯಿಸಿಕೊಂಡಳು.

ಓದು ನಡೆದದ್ದು ಪುಣೆಯ ಹುಜೂರಪಾಗಾ ಶಾಲೆಯಲ್ಲಿ. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಭಂಡಾರ್ಕರ್ ಮೊದಲಾದವರು 1880ರ ದಶಕದಲ್ಲಿ ಹೆಣ್ಣುಮಕ್ಕಳಿಗಾಗಿಯೇ ಕಟ್ಟಿದ ಶಾಲೆ ಅದು. ತಿಲಕರಂಥವರೇ ವಿರೋಧಿಸಿದ್ದರೂ ನಡೆಯಿತು. ಬೆನೆ ಇಸ್ರೇಲ್ ಸಮುದಾಯದ ಇನ್ನೊಬ್ಬ ಹುಡುಗಿ ರೆಬೆಕ್ಕಾ ರೂಬೆನ್ ಓದಿದ್ದೂ ಅಲ್ಲೇ. 1905ರ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ರೆಬೆಕ್ಕಾ ಇಡೀ ಮುಂಬೈ ಪ್ರಾಂತ್ಯದ ಹುಡುಗರನ್ನೆಲ್ಲ ಹಿಂದೆ ಹಾಕಿ ಮೊದಲಿಗರಾದರು. ಮುಂದೆ 1922ರಿಂದ 1950ರವರೆಗೆ ಮುಂಬೈಯ ಎಲಿ ಕಡೂರಿ ಶಾಲೆಯ ಮುಖ್ಯಸ್ಥೆಯಾಗಿ ಸಮುದಾಯದ ಎರಡು ತಲೆಮಾರಿಗೆ ಪಾಠ ಹೇಳಿದರು. ಒಂದು ಶಾಲೆ ಏನು ಮಾಡಬಲ್ಲದು ಎಂಬುದಕ್ಕೆ ಈ ಇಬ್ಬರೇ ಸಾಕು.

ಜೆರುಶಾ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯಶಾಸ್ತ್ರ ಓದಿದರು. ಹತ್ತೇ ವರ್ಷದ ಹಿಂದೆ ಹಾಫ್ಕಿನ್ ಲಸಿಕೆ ಮಾಡಿದ್ದ ಕಾಲೇಜು. ಪದವಿ ಬಂದರೂ ಮುಂದಿನ ಬಾಗಿಲುಗಳು ಮುಚ್ಚಿದ್ದವು. ಸರ್ಕಾರಿ ವೈದ್ಯಸೇವೆಯ ಮೇಲಿನ ಹುದ್ದೆಗಳೆಲ್ಲ ಇಂಡಿಯನ್ ಮೆಡಿಕಲ್ ಸರ್ವೀಸಿನ ಅಧಿಕಾರಿಗಳದು, ಆ ಸೇವೆಗೆ ಹೆಂಗಸರನ್ನು ತೆಗೆದುಕೊಳ್ಳುತ್ತಿರಲಿಲ್ಲ. ವಿಶೇಷ ತರಬೇತಿಗೆ ಇಂಗ್ಲೆಂಡಿಗೇ ಹೋಗಬೇಕು. ಮೊದಲ ಮಹಾಯುದ್ಧದ ಹೊತ್ತಿಗೆ ಅವರು ಲಂಡನ್ ಸೇರಿದರು. ಗಂಡು ಡಾಕ್ಟರುಗಳು ರಣರಂಗಕ್ಕೆ ಹೋಗಿದ್ದರಿಂದ ಅಲ್ಲಿನ ಆಸ್ಪತ್ರೆಗಳಿಗೆ ಹೆಣ್ಣು ಡಾಕ್ಟರುಗಳು ಬೇಕಾಗಿದ್ದರು. ಸರ್ಕಾರದ ವಿದ್ಯಾರ್ಥಿವೇತನವೂ ದೊರೆಯಿತು. ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಪಳಗಿ, 1919ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿ ಪಡೆದರು. ಯುದ್ಧ ಬಾರದೆ ಇದ್ದಿದ್ದರೆ ಆ ಬಾಗಿಲು ಅಷ್ಟು ಬೇಗ ತೆರೆಯುತ್ತಿತ್ತೇ ಎಂಬುದು ಅನುಮಾನ.

ಭಾರತಕ್ಕೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಕೆಲಕಾಲ ಇದ್ದರು. ಆಮೇಲೆ ಬಂದದ್ದು ಬೆಂಗಳೂರಿನ ಹೆರಿಗೆ ಆಸ್ಪತ್ರೆಗೆ. ಹುಟ್ಟಿದ ನಾಡಿನ ಬಾಣಂತಿಯರ ಆರೈಕೆ ಮಾಡಿ ಅಲ್ಲಿಂದ ಮುಂಬೈಗೆ ಹೋದರು. 1928ರ ಹೊತ್ತಿಗೆ ಬಾಲ್ಯದ ಸಂಕಲ್ಪ ಈಡೇರಿತು.

ಕಾಮಾ ಆಸ್ಪತ್ರೆಯ ಹೊಣೆ ಹೊರುವ ಮುಂಚೆ ಇನ್ನೊಂದು ಕಡೆಯೂ ಅವರು ಕೈಹಾಕಿದ್ದರು. ಇಂಗ್ಲೆಂಡಿನಲ್ಲಿದ್ದಾಗ ಲಿಲಿ ಮಾಂಟೆಗು, ಕ್ಲಾಡ್ ಮಾಂಟೆಫಿಯೋರ್ ಮೊದಲಾದವರ ಉದಾರ ಯೆಹೂದಿ ಚಳವಳಿಯ ಪರಿಚಯವಾಗಿತ್ತು. ಲಿಲಿ ಬ್ಯಾಂಕರ್ ಮನೆತನದ ಮಗಳು. ಭಾರತದ ವ್ಯವಹಾರಗಳ ಮಂತ್ರಿಯಾಗಿದ್ದ, ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆಯಿಂದ ನಮಗೆಲ್ಲ ಗೊತ್ತಿರುವ ಎಡ್ವಿನ್ ಮಾಂಟೆಗು ಅವರ ಸಹೋದರಿ. 1918ರಲ್ಲಿ ಲಂಡನ್ನಿನ ಸಿನಗಾಗ್ ಒಂದರ ಪೀಠದಿಂದ ಪ್ರವಚನ ಮಾಡಿ ಹಳೆಯ ಕಟ್ಟು ಮುರಿದವರು. ಆ ಪ್ರೇರಣೆಯಿಂದ ಜೆರುಶಾ 1925ರಲ್ಲಿ ಮುಂಬೈಯಲ್ಲಿ ಜ್ಯೂಯಿಶ್ ರಿಲಿಜಿಯಸ್ ಯೂನಿಯನ್ ಶುರುಮಾಡಿದರು. ಪ್ರಾರ್ಥನೆಯಲ್ಲಿ ಹೆಂಗಸರು ಗಂಡಸರು ಒಟ್ಟಿಗೆ ಕೂರುವುದು, ಅರ್ಥವಾಗುವ ಭಾಷೆಯಲ್ಲಿ ಪ್ರಾರ್ಥಿಸುವುದು ಅದರ ನಡೆ. ದಿವೇಕರ್ ಸಿನಗಾಗ್ ಕಟ್ಟಿಸಿ ನೂರಿಪ್ಪತ್ತೊಂಬತ್ತು ವರ್ಷವಾಗಿತ್ತು. ಜರ್ಮನಿಯಲ್ಲಿ ರೆಜಿನಾ ಯೋನಾಸ್ ಜಗತ್ತಿನ ಮೊದಲ ಮಹಿಳಾ ರಬ್ಬಿಯಾಗಿ ದೀಕ್ಷೆ ಪಡೆದದ್ದು ಇನ್ನೂ ಹತ್ತು ವರ್ಷದ ಮೇಲೆ, 1935ರಲ್ಲಿ. ನಾಜಿಗಳು ಯೋನಾಸರನ್ನು 1944ರಲ್ಲಿ ಆಶ್ವಿಟ್ಜ್‌ನಲ್ಲಿ ಕೊಂದರು. ಅದೇ ವರ್ಷಗಳಲ್ಲಿ ಮುಂಬೈಯಲ್ಲಿ ಒಬ್ಬ ಯೆಹೂದಿ ಮಹಿಳೆ ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ ತಾಯಂದಿರ ಹೆರಿಗೆ ಮಾಡಿಸುತ್ತ ನಿರ್ಭಯವಾಗಿ ಬದುಕಿದ್ದರು ಎಂಬುದು ಈ ದೇಶ ಹೆಮ್ಮೆಪಡಬೇಕಾದ ಮಾತು.

ಜೆರುಶಾ ಅವರ ಕೆಲಸಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಹೆಚ್ಚು ಜನರಿಗೆ ಗೊತ್ತಿಲ್ಲದ್ದು, ಬಾಣಂತಿ ಸಾವಿನ ತನಿಖೆ. ಹೆರಿಗೆಯಲ್ಲಿ ಹೆಂಗಸು ಸತ್ತರೆ ವಿಧಿ ಎಂದು ಒಪ್ಪಿಕೊಳ್ಳುವ ಕಾಲ ಅದು. ನಂಜೇರಿ, ರಕ್ತ ಹೋಗಿ, ಬಸುರಿನಲ್ಲೇ ರಕ್ತಹೀನತೆಯಿಂದ ಬಸವಳಿದು ಸಾಯುತ್ತಿದ್ದರು. ಸೂಲಗಿತ್ತಿಯ ತೊಳೆಯದ ಕೈ, ಗಾಳಿ ಬೆಳಕಿಲ್ಲದ ಬಾಣಂತಿ ಕೋಣೆ, ತಡವಾಗಿ ಆಸ್ಪತ್ರೆ ಸೇರುವುದು, ಇವೆಲ್ಲ ಕಾರಣ ಎಂದು ಡಾಕ್ಟರುಗಳು ಮಾತಾಡುತ್ತಿದ್ದರೇ ಹೊರತು ಊರಿನ ಲೆಕ್ಕ ಕೈಯಲ್ಲಿರಲಿಲ್ಲ. 1930ರ ದಶಕದ ಕೊನೆಯಲ್ಲಿ ಜೆರುಶಾ ಇಡೀ ಮುಂಬೈ ನಗರದ ಬಾಣಂತಿ ಸಾವುಗಳ ಕಾರಣ ಹುಡುಕುವ ತನಿಖೆ ನಡೆಸಿದರು. ಅದರ ವರದಿ 1941ರಲ್ಲಿ ಹೊರಬಂತು. ಇಂಥ ತನಿಖೆಯಲ್ಲಿ ಸತ್ತವಳು ಯಾರು, ಎಷ್ಟನೆಯ ಬಸುರು, ಹೆರಿಗೆ ಮನೆಯಲ್ಲೋ ಆಸ್ಪತ್ರೆಯಲ್ಲೋ, ಯಾವ ಹೊತ್ತಿಗೆ ಡಾಕ್ಟರನ್ನು ಕರೆದರು ಎಂದು ಒಂದೊಂದು ಸಾವನ್ನೂ ವಿಚಾರಿಸಬೇಕು. ಪ್ರತಿ ಸಾವಿಗೂ ಕಾರಣ ಬರೆದಿಟ್ಟಾಗಲೇ ಅದು ವಿಧಿಯಲ್ಲ, ತಪ್ಪಿಸಬಹುದಾದ ಅನಾಹುತ ಎಂಬುದು ಸರ್ಕಾರಕ್ಕೂ ನಗರಪಾಲಿಕೆಗೂ ಕಾಣುವುದು. ಇವತ್ತು ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ತಾಯಿ ಮರಣವಾದಾಗ ನಡೆಯುವ ಪರಿಶೀಲನೆಯ ಹಿಂದೆಯೂ ಇದೇ ವಿಚಾರ ಇದೆ. ಸಾವಿರಾರು ಹೆರಿಗೆಗಳನ್ನು ಕಣ್ಣಾರೆ ಕಂಡ ಹೆಣ್ಣುಮಗಳಿಗೆ ಈ ಲೆಕ್ಕ ಬರೀ ಅಂಕಿಯಾಗಿ ಉಳಿಯಲು ಸಾಧ್ಯವಿರಲಿಲ್ಲ.

1950ರಲ್ಲಿ ದೇಶದ ಸ್ತ್ರೀರೋಗ ತಜ್ಞರ ಸಂಘಗಳೆಲ್ಲ ಮದ್ರಾಸಿನಲ್ಲಿ ಸೇರಿ ಒಂದು ಒಕ್ಕೂಟ ಕಟ್ಟಿಕೊಂಡವು. ಇಂದು ‘ಫಾಗ್ಸಿ’ ಎಂದು ಡಾಕ್ಟರುಗಳು ಕರೆಯುವ ಸಂಸ್ಥೆ ಅದೇ. ಮದ್ರಾಸಿನ ಲಕ್ಷ್ಮಣಸ್ವಾಮಿ ಮುದಲಿಯಾರ್, ಕಲ್ಕತ್ತದ ಸುಬೋಧ್ ಮಿತ್ರ, ಮುಂಬೈಯ ಪುರಂದರೆ ಅವರಂಥ ಗಂಡಸರು ಘಟಾನುಘಟಿಗಳಾಗಿದ್ದ ಕ್ಷೇತ್ರದಲ್ಲಿ ಒಕ್ಕೂಟದ ಮೊದಲ ಅಧ್ಯಕ್ಷ ಸ್ಥಾನಕ್ಕೆ ಕೂತದ್ದು ಜೆರುಶಾ ಝಿರಾಡ್. ಬೆನ್ಸನ್ ಕಟ್ಟಿದ್ದ ವೈದ್ಯಮಹಿಳೆಯರ ಸಂಘದ ಅಧ್ಯಕ್ಷತೆಯನ್ನೂ ಅವರು ವಹಿಸಿದರು. ಅಕ್ಕನನ್ನು ಉಳಿಸಿದ ಡಾಕ್ಟರಿಗೆ ಸಲ್ಲಿಸಬಹುದಾದ ಋಣ ಅದಕ್ಕಿಂತ ಬೇರೆ ಯಾವುದಿದ್ದೀತು?

ಇಸ್ರೇಲ್ ದೇಶ ಹುಟ್ಟಿದ ಮೇಲೆ ಬೆನೆ ಇಸ್ರೇಲರಲ್ಲಿ ಬಹುಪಾಲು ಮಂದಿ ಅಲ್ಲಿಗೆ ಹೋದರು. ಜೆರುಶಾ ಮುಂಬೈಯಲ್ಲೇ ಉಳಿದರು. ತೊಂಬತ್ತು ದಾಟಿ ಬದುಕಿ, 1980ರ ದಶಕದ ಆರಂಭದಲ್ಲಿ ತೀರಿಕೊಂಡರು. ಕಾಮಾ ಆಸ್ಪತ್ರೆ ಇಂದಿಗೂ ಮುಂಬೈಯಲ್ಲಿ ನಡೆಯುತ್ತಿದೆ.

ಶಿವಮೊಗ್ಗ ತನ್ನ ಕವಿಗಳನ್ನು, ಹೋರಾಟಗಾರರನ್ನು ಪ್ರೀತಿಯಿಂದ ನೆನೆಯುವ ಊರು. ಅಲ್ಲಿಯೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಮೆಗ್ಗಾನ್ ಆಸ್ಪತ್ರೆಯಿದೆ, ಮಲೆನಾಡಿನ ಹಳ್ಳಿಗಳಿಂದ ಬಸುರಿಯರು ಹೆರಿಗೆಗೆ ಬರುತ್ತಾರೆ. ಅಲ್ಲಿ ಸ್ತ್ರೀರೋಗ ಓದುವ ಪ್ರತಿ ವಿದ್ಯಾರ್ಥಿಗೂ ಡಾ. ಜೆರುಶಾ ಝಿರಾಡ್ ಯಾರು ಎಂಬುದು ಗೊತ್ತಿರಬೇಕು. ಹೆರಿಗೆ ವಿಭಾಗದ ಗೋಡೆಯಲ್ಲಿ ಅವರದೊಂದು ಚಿತ್ರ, ಅದರ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಇರಲಿ. ಆ ಊರಿನ ವೈದ್ಯರು, ಶಾಸಕರು, ಓದುಗರು ಮನಸ್ಸು ಮಾಡಿದರೆ ಇದು ಒಂದು ತಿಂಗಳಲ್ಲಿ ಆಗುವ ಕೆಲಸ.